ಘಟ್ಟ ಹತ್ತುವ ಮುಂಚೆ ಎಷ್ಟು ಹೊತ್ತು ಕಾಯಬೇಕು?

ಓದುಗರ ಪ್ರಶ್ನೆ: ಕಡಲು ಮತ್ತು ಡೈವಿಂಗ್

ಈ ಸಲ ಬಂದ ಪತ್ರಗಳು ಹೆಚ್ಚಾಗಿ ಮೈಸೂರು, ಮಂಡ್ಯ ಕಡೆಯವು. ಮಳೆಗಾಲ ಮುಗಿದು ಮುರ್ಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ದೋಣಿಗಳು ಮತ್ತೆ ಹೊರಡುವ ಕಾಲವಾದ್ದರಿಂದ ಡೈವಿಂಗ್ ಬಗ್ಗೆ ಕೇಳಿದವರೇ ಜಾಸ್ತಿ. ಜೀವಕ್ಕೆ ಸಂಬಂಧಪಟ್ಟ ಪ್ರಶ್ನೆಗಳಿಗೆ ಜಾಗ ಹೆಚ್ಚು ಕೊಟ್ಟಿದ್ದೇವೆ.

ಪ್ರಶ್ನೆ: ಭಾನುವಾರ ಬೆಳಗ್ಗೆ ನೇತ್ರಾಣಿಯಲ್ಲಿ ಎರಡು ಡೈವ್ ಮುಗಿಸಿ, ಊಟ ಮಾಡಿಕೊಂಡು ಕಾರಿನಲ್ಲಿ ಹೊರಟರೆ ರಾತ್ರಿಯೊಳಗೆ ಮನೆ ಸೇರಬಹುದು. ಸೋಮವಾರ ಎಲ್ಲರಿಗೂ ಆಫೀಸಿದೆ. ಡೈವ್ ಆದ ಮೇಲೆ ವಿಮಾನ ಹತ್ತಬಾರದು ಎಂದು ಕೇಳಿದ್ದೇವೆ. ಕಾರಿಗೂ ಆ ನಿಯಮ ಉಂಟೇ?
— ಕುವೆಂಪುನಗರ, ಮೈಸೂರು

ಉತ್ತರ: ಉಂಟು. ಮೈಸೂರಿನವರು ಬೇರೆಲ್ಲಕ್ಕಿಂತ ಮೊದಲು ತಿಳಿದಿರಬೇಕಾದ ನಿಯಮವೇ ಇದು.

ಕಡಲಿನಲ್ಲಿ ಪ್ರತಿ 10 ಮೀಟರ್ ಇಳಿದಂತೆ ಒತ್ತಡ ಒಂದು ವಾತಾವರಣದಷ್ಟು ಏರುತ್ತದೆ. 10 ಮೀಟರಿನಲ್ಲಿ ಎರಡು ಪಟ್ಟು, 20ರಲ್ಲಿ ಮೂರು ಪಟ್ಟು. ಆ ಒತ್ತಡದಲ್ಲಿ ಉಸಿರಾಡಿದಾಗ ಗಾಳಿಯಲ್ಲಿರುವ ಸಾರಜನಕ ರಕ್ತದಲ್ಲಿ, ಕೊಬ್ಬಿನಲ್ಲಿ, ಕೀಲುಗಳ ಸುತ್ತ ಮಾಮೂಲಿಗಿಂತ ಹೆಚ್ಚು ಕರಗುತ್ತದೆ. ಮೇಲೆ ಬಂದ ಮೇಲೆ ಅದು ಶ್ವಾಸಕೋಶದ ಮೂಲಕ ನಿಧಾನವಾಗಿ ಹೊರಹೋಗಬೇಕು. ಅದಕ್ಕೆ ಗಂಟೆಗಟ್ಟಲೆ ಹಿಡಿಯುತ್ತದೆ. ಅಷ್ಟರಲ್ಲಿ ಸುತ್ತಲಿನ ಒತ್ತಡ ಇನ್ನೂ ಕಡಿಮೆಯಾದರೆ ಕರಗಿದ್ದ ಅನಿಲ ಮೈಯೊಳಗೇ ಗುಳ್ಳೆಯಾಗಿ, ಕೀಲು, ನರ, ಬೆನ್ನುಹುರಿಗೆ ತೊಂದರೆ ಕೊಡುತ್ತದೆ.

ಡೈವಿಂಗ್ ಸುರಕ್ಷತಾ ಸಂಸ್ಥೆ ‘ಡ್ಯಾನ್’ ಕೊಟ್ಟಿರುವ ಮಾರ್ಗಸೂಚಿ ಸಮುದ್ರಮಟ್ಟದಿಂದ 600 ರಿಂದ 2,400 ಮೀಟರ್ ಎತ್ತರಕ್ಕೆ ಅನ್ವಯಿಸುತ್ತದೆ. ಮೈಸೂರು ಇರುವುದು ಸುಮಾರು 770 ಮೀಟರಿನಲ್ಲಿ. ಅಂದರೆ ನಿಮ್ಮ ಮನೆಯ ಹಾಲ್ ಕೂಡ ಆ ಲೆಕ್ಕದೊಳಗೇ ಬರುತ್ತದೆ. ದಾರಿ ಇನ್ನೂ ಎತ್ತರ: ಶಿರಾಡಿ ಹತ್ತಿದರೆ ಸಕಲೇಶಪುರ 900 ಮೀಟರಿಗಿಂತ ಮೇಲೆ, ಸಂಪಾಜೆ ಹತ್ತಿದರೆ ಮಡಿಕೇರಿ 1,100 ಮೀಟರಿಗಿಂತ ಮೇಲೆ. ಕರಾವಳಿಗೆ ಹೋಲಿಸಿದರೆ ಮಡಿಕೇರಿಯಲ್ಲಿ ಗಾಳಿಯ ಒತ್ತಡ ಹೆಚ್ಚುಕಡಿಮೆ ಶೇ. 13ರಷ್ಟು ಕಡಿಮೆ.

ಕಾಯಬೇಕಾದ ಹೊತ್ತು ಹೀಗೆ. ಏರುವಾಗ ನಡುವೆ ಕಡ್ಡಾಯವಾಗಿ ನಿಲ್ಲಬೇಕಿಲ್ಲದ ಒಂದೇ ಡೈವ್ ಆಗಿದ್ದರೆ ಕನಿಷ್ಠ 12 ಗಂಟೆ. ಒಂದೇ ದಿನ ಎರಡು-ಮೂರು ಡೈವ್, ಅಥವಾ ಸತತ ಕೆಲವು ದಿನ ಡೈವ್ ಮಾಡಿದ್ದರೆ ಕನಿಷ್ಠ 18 ಗಂಟೆ. ಏರುವಾಗ ಕಡ್ಡಾಯವಾಗಿ ನಿಂತು ನಿಂತು ಬರಬೇಕಾದಷ್ಟು ಆಳದ, ದೀರ್ಘ ಡೈವ್ ಆಗಿದ್ದರೆ 18 ಸಾಲದು, 24 ಗಂಟೆ ಇಟ್ಟುಕೊಳ್ಳಿ. ಲೆಕ್ಕ ಶುರುವಾಗುವುದು ಕೊನೆಯ ಡೈವ್‌ನಲ್ಲಿ ತಲೆ ನೀರಿನಿಂದ ಹೊರಬಂದ ಗಳಿಗೆಯಿಂದ. ಕೈಗೆ ಡೈವ್ ಕಂಪ್ಯೂಟರ್ ಕಟ್ಟಿದ್ದರೆ ಅದು ತೋರಿಸುವ ಹಾರಾಟ-ನಿಷೇಧದ ಅವಧಿ, ಈ ಅಂಕಿ, ಎರಡರಲ್ಲಿ ಯಾವುದು ಹೆಚ್ಚೋ ಅದನ್ನು ಪಾಲಿಸಿ.

ಆದ್ದರಿಂದ ಡೈವ್ ಶನಿವಾರಕ್ಕೆ ಬರಲಿ. ಎರಡನೇ ಡೈವ್ ಶನಿವಾರ ಬೆಳಗ್ಗೆ 11.30ಕ್ಕೆ ಮುಗಿದರೆ ಭಾನುವಾರ ಬೆಳಗ್ಗೆ 5.30ಕ್ಕೆ 18 ಗಂಟೆ ತುಂಬುತ್ತದೆ. ಅಲ್ಲಿಯವರೆಗೆ ಮುರ್ಡೇಶ್ವರದಲ್ಲೇ ಕೂರಬೇಕೆಂದಿಲ್ಲ. ಹೆದ್ದಾರಿ 66 ಕಡಲ ಪಕ್ಕದಲ್ಲೇ ಸಾಗುವುದರಿಂದ ಸಂಜೆ ಮಂಗಳೂರಿಗೆ ಬಂದು, ಅಲ್ಲಿ ಮಲಗಿ, ಬೆಳಗ್ಗೆ ಘಟ್ಟ ಹತ್ತಬಹುದು. ರೈಲಿಗೂ ಇದೇ ಮಾತು: ಸುಬ್ರಹ್ಮಣ್ಯದಿಂದ ಮೇಲೆ ಅದೂ ಸಕಲೇಶಪುರಕ್ಕೇ ಏರುತ್ತದೆ. ಕಾಯುವ ಹೊತ್ತಿನಲ್ಲಿ ನೀರು ಚೆನ್ನಾಗಿ ಕುಡಿಯಿರಿ, ಮದ್ಯ ಮುಟ್ಟಬೇಡಿ, ಭಾರ ಹೊರುವ ಕೆಲಸ ಬೇಡ.

ಡೈವ್ ಆದ 24 ಗಂಟೆಯೊಳಗೆ ಭುಜ, ಮೊಣಕೈ, ಮಂಡಿಯಲ್ಲಿ ಕಾರಣವಿಲ್ಲದ ನೋವು, ಕೈಕಾಲು ಜೋಮು, ತಲೆಸುತ್ತು, ಮೈಮೇಲೆ ಗಂಧೆ, ಮಿತಿಮೀರಿದ ಆಯಾಸ, ಮೂತ್ರ ಕಟ್ಟುವುದು, ಇವುಗಳಲ್ಲಿ ಯಾವುದು ಕಂಡರೂ ಅದನ್ನು ಡೈವ್‌ನದೇ ಕಾಯಿಲೆ ಎಂದು ಹಿಡಿಯಿರಿ. ನೋವಿನ ಮಾತ್ರೆ ನುಂಗಿ ಮಲಗಿದರೆ ಲಕ್ಷಣ ಮುಚ್ಚಿಹೋಗುತ್ತದೆ, ಗುಳ್ಳೆ ಅಲ್ಲೇ ಇರುತ್ತದೆ. ರೋಗಿಯನ್ನು ಅಂಗಾತ ಮಲಗಿಸಿ, ಮುಖಕವಚದಲ್ಲಿ ಶುದ್ಧ ಆಕ್ಸಿಜನ್ ಕೊಡಿಸಿ. ಊರಿನ ಡಾಕ್ಟರಿಗೆ ತೋರಿಸೋಣವೆಂದು ಘಟ್ಟ ಹತ್ತಿಸಿದರೆ ಕಾಯಿಲೆ ಉಲ್ಬಣಿಸುತ್ತದೆ. ಕರಾವಳಿಯ ದೊಡ್ಡ ಆಸ್ಪತ್ರೆಗೇ ಸೇರಿಸಿ, ಡೈವ್‌ನ ಆಳ, ಅವಧಿ, ಮೇಲೆ ಬಂದ ಸಮಯ ಮೂರನ್ನೂ ಬರೆದುಕೊಡಿ. ಇದಕ್ಕೆ ಮದ್ದು ಒತ್ತಡದ ಕೊಠಡಿಯಲ್ಲಿ ಕೊಡುವ ಆಕ್ಸಿಜನ್. ಹತ್ತಿರದ ಅಂಥ ಕೊಠಡಿ ಎಲ್ಲಿದೆ, ದೋಣಿಯಲ್ಲಿ ಆಕ್ಸಿಜನ್ ಕಿಟ್ ಇದೆಯೇ ಎಂದು ಡೈವ್ ಕೇಂದ್ರದವರನ್ನು ಹಣ ಕಟ್ಟುವ ಮುಂಚೆಯೇ ಕೇಳಿ. ಈ ಎರಡಕ್ಕೆ ತಡವರಿಸುವ ಕೇಂದ್ರದಲ್ಲಿ ಡೈವ್ ಮಾಡಬೇಡಿ.

ಪ್ರಶ್ನೆ: ಮೈಸೂರಿನ ಈಜುಕೊಳದಲ್ಲಿ ಸ್ಕೂಬಾ ಅಭ್ಯಾಸ ಮಾಡುವಾಗ ಸೊಂಟಕ್ಕೆ 4 ಕಿಲೋ ಸೀಸ ಸಾಕಾಗುತ್ತಿತ್ತು. ಕಡಲಿನಲ್ಲಿ ಅಷ್ಟೇ ಕಟ್ಟಿಕೊಂಡರೆ ಮುಳುಗುವುದೇ ಇಲ್ಲ. ಯಾಕೆ?
— ಸರಸ್ವತಿಪುರಂ, ಮೈಸೂರು

ಉತ್ತರ: ಉಪ್ಪುನೀರು ಸಿಹಿನೀರಿಗಿಂತ ಸುಮಾರು ಶೇ. 2.5ರಷ್ಟು ಸಾಂದ್ರ. ನೀವು 70 ಕಿಲೋ, ಸಲಕರಣೆ 20 ಕಿಲೋ ಎಂದಿಟ್ಟುಕೊಂಡರೆ ಒಟ್ಟು 90 ಕಿಲೋಗೆ 2.25 ಕಿಲೋ ಹೆಚ್ಚು ತೇಲುವಿಕೆ ಸಿಗುತ್ತದೆ. ಅಷ್ಟು ಸೀಸ ಸೇರಿಸಬೇಕು. ಕೊಳದಲ್ಲಿ ಬರೀ ಟೀ ಶರ್ಟ್ ಹಾಕಿದ್ದು ಕಡಲಿಗೆ ವೆಟ್‌ಸೂಟ್ ಹಾಕಿದ್ದರೆ ಇನ್ನೂ ಒಂದೆರಡು ಕಿಲೋ ಬೇಕಾಗುತ್ತದೆ, ಅದರ ರಬ್ಬರಿನಲ್ಲಿ ಗಾಳಿಯ ಗುಳ್ಳೆಗಳಿರುತ್ತವೆ.

ಅಂದಾಜಿಗೆ ಬಿಡದೆ ನೀರಿನಲ್ಲೇ ಪರೀಕ್ಷಿಸಿ. ತೇಲುವಿಕೆ ಹೊಂದಿಸಲು ಗಾಳಿ ತುಂಬುವ ಬಿಸಿಡಿ ಜಾಕೆಟ್ಟಿನ ಗಾಳಿ ಪೂರ್ತಿ ಬಿಟ್ಟು, ಮಾಮೂಲಿ ಉಸಿರು ಎಳೆದು, ಕಾಲು ಆಡಿಸದೆ ನೆಟ್ಟಗೆ ನಿಲ್ಲಿ. ನೀರು ಕಣ್ಣಿನ ಮಟ್ಟಕ್ಕೆ ನಿಲ್ಲಬೇಕು. ಉಸಿರು ಬಿಟ್ಟಾಗ ಮೆಲ್ಲಗೆ ಮುಳುಗಬೇಕು. ಪರೀಕ್ಷೆ ತುಂಬಿದ ಸಿಲಿಂಡರಿನಲ್ಲಿ ಮಾಡಿದ್ದರೆ ಆಮೇಲೆ 2 ಕಿಲೋ ಸೇರಿಸಿ. ಡೈವ್ ಮುಗಿಯುವ ಹೊತ್ತಿಗೆ ಖರ್ಚಾದ ಗಾಳಿಯ ತೂಕವೇ ಅಷ್ಟಿರುತ್ತದೆ. ಅಲ್ಯೂಮಿನಿಯಂ ಸಿಲಿಂಡರ್ ಖಾಲಿಯಾದಂತೆ ತೇಲತೊಡಗುವುದರಿಂದ ಮುನ್ನೆಚ್ಚರಿಕೆಗೆಂದು 5 ಮೀಟರಿನಲ್ಲಿ 3 ನಿಮಿಷ ನಿಲ್ಲುವ ಕಡೆ ಮೇಲಕ್ಕೆ ಎಳೆದುಬಿಡುತ್ತದೆ.

ಮುಳುಗದಿದ್ದರೆ ಇನ್ನೆರಡು ತುಂಡು ಸೀಸ ಕಟ್ಟಿ ಕಳಿಸುವ ಅಭ್ಯಾಸ ಕೆಲವು ಕಡೆ ಇದೆ. ಅದು ಕೆಟ್ಟ ಅಭ್ಯಾಸ. ಸೀಸ ಹೆಚ್ಚಾದವರ ಕಾಲು ಕೆಳಗೆ ಜೋತುಬಿದ್ದು ಪಾದಕ್ಕೆ ತೊಟ್ಟ ಈಜುರೆಕ್ಕೆ (ಫಿನ್) ಹವಳಕ್ಕೆ ಬಡಿಯುತ್ತದೆ. ವರ್ಷಕ್ಕೆ ಕೆಲವೇ ಸೆಂಟಿಮೀಟರ್ ಬೆಳೆಯುವ ಹವಳದ ಕೊಂಬೆ ಒಂದೇ ಒದೆತಕ್ಕೆ ಮುರಿಯುತ್ತದೆ. ಎದ್ದ ಹೂಳು ಪಕ್ಕದ ಹವಳದ ಮೇಲೆ ಕೂತು ಅದರ ಬೆಳಕನ್ನೂ ತಡೆಯುತ್ತದೆ. ನೇತ್ರಾಣಿಯ ಹವಳ ಉಳಿಯಲಿ ಎನ್ನುವವರು ಕಲಿಯಬೇಕಾದ ಮೊದಲ ಕೌಶಲ ತೇಲುವಿಕೆಯ ಹಿಡಿತ. ಅದನ್ನು ಮೈಸೂರಿನ ಕೊಳದಲ್ಲೇ ಕಲಿಯಬಹುದು: ನೆಲದಿಂದ ಒಂದು ಅಡಿ ಮೇಲೆ, ಕೈ ಆಡಿಸದೆ, ಉಸಿರಿನ ಏರಿಳಿತವೊಂದರಿಂದಲೇ ಎರಡು ನಿಮಿಷ ಅಡ್ಡಲಾಗಿ ನಿಲ್ಲಲು ಬಂದರೆ ನೀವು ಹವಳದ ಹತ್ತಿರ ಹೋಗಲು ತಯಾರು.

ಪ್ರಶ್ನೆ: ಡೈವಿಂಗ್‌ನವರ ಬೆನ್ನ ಮೇಲಿನ ಆಕ್ಸಿಜನ್ ಸಿಲಿಂಡರ್ ಎಷ್ಟು ಹೊತ್ತು ಬರುತ್ತದೆ?
— ಪಾಂಡವಪುರ

ಉತ್ತರ: ಅದರಲ್ಲಿರುವುದು ಸೋಸಿ, ತೇವ ತೆಗೆದು, ಒತ್ತಿ ತುಂಬಿದ ಮಾಮೂಲಿ ಗಾಳಿ. ಶುದ್ಧ ಆಕ್ಸಿಜನ್ ಉಸಿರಾಡುತ್ತಾ 6 ಮೀಟರಿಗಿಂತ ಕೆಳಗೆ ಹೋದರೆ ಅದೇ ವಿಷವಾಗಿ ಫಿಟ್ಸ್ ಬರಬಹುದು.

ಬಾಡಿಗೆಗೆ ಸಿಗುವ ಅಲ್ಯೂಮಿನಿಯಂ ಸಿಲಿಂಡರಿನ ಒಳಗಾತ್ರ 11.1 ಲೀಟರ್. 200 ಬಾರ್ (ಒಂದು ಬಾರ್ ಎಂದರೆ ಹೆಚ್ಚುಕಡಿಮೆ ಒಂದು ವಾತಾವರಣದ ಒತ್ತಡ) ತುಂಬಿದರೆ 2,220 ಲೀಟರ್ ಗಾಳಿ. 50 ಬಾರ್ ಕಾಯ್ದಿಟ್ಟುಕೊಂಡೇ ಮೇಲೆ ಬರಬೇಕಾದ್ದರಿಂದ ಬಳಸಲು ಸಿಗುವುದು 1,665 ಲೀಟರ್. ನೆಲದ ಮೇಲೆ ನಿಮಿಷಕ್ಕೆ 20 ಲೀಟರ್ ಉಸಿರಾಡುವವರಿಗೆ 10 ಮೀಟರಿನಲ್ಲಿ 40 ಲೀಟರ್ ಬೇಕು, ಹಾಗಾಗಿ ಸುಮಾರು 41 ನಿಮಿಷ. 18 ಮೀಟರಿನಲ್ಲಿ 56 ಲೀಟರ್, ಅಂದರೆ 30 ನಿಮಿಷಕ್ಕೂ ಸ್ವಲ್ಪ ಕಡಿಮೆ. ಗಾಬರಿಯಾದವರು ಇದರ ಎರಡು ಪಟ್ಟು ಎಳೆಯುತ್ತಾರೆ.

ಪ್ರಶ್ನೆ: ನಮ್ಮೂರ ಹೈಕಳು ವಿ.ಸಿ. ನಾಲೆಯಲ್ಲಿ ಉಸಿರು ಕಟ್ಟಿ ಯಾರು ಹೆಚ್ಚು ಹೊತ್ತು ಮುಳುಗಿರುತ್ತಾರೆ ಎಂದು ಪಂದ್ಯ ಕಟ್ಟುತ್ತಾರೆ. ಮುಳುಗುವ ಮುಂಚೆ ಬುಸ್ ಬುಸ್ ಎಂದು ಇಪ್ಪತ್ತು ಸಲ ಉಸಿರಾಡಿದರೆ ಜಾಸ್ತಿ ಹೊತ್ತು ಇರಬಹುದು ಎನ್ನುತ್ತಾರೆ. ಇದು ಸರಿಯೇ?
— ಮಂಡ್ಯ ತಾಲ್ಲೂಕು

ಉತ್ತರ: ಈ ಪಂದ್ಯವನ್ನು ಇವತ್ತೇ ನಿಲ್ಲಿಸಿ. ಈಜು ಚೆನ್ನಾಗಿ ಬರುವ ಹುಡುಗರನ್ನೇ ಸಾಯಿಸುವ ವಿಧಾನ ಇದು.

ಉಸಿರು ಎಳೆಯಲೇಬೇಕು ಎನ್ನುವ ತಹತಹ ಹುಟ್ಟುವುದು ಆಕ್ಸಿಜನ್ ಮುಗಿದದ್ದರಿಂದಲ್ಲ, ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿದ್ದರಿಂದ. ಬುಸುಗುಟ್ಟಿ ಉಸಿರಾಡಿದಾಗ ಆಕ್ಸಿಜನ್ ಹೆಚ್ಚೇನೂ ಸೇರುವುದಿಲ್ಲ, ಡೈಆಕ್ಸೈಡ್ ಮಾತ್ರ ಮಟ್ಟ ಮೀರಿ ಇಳಿಯುತ್ತದೆ. ನೀರೊಳಗೆ ಅದು ಮತ್ತೆ ಏರಿ ಎಚ್ಚರಿಸುವ ಮೊದಲೇ ಮಿದುಳಿಗೆ ಆಕ್ಸಿಜನ್ ಸಾಲದಾಗಿ ಪ್ರಜ್ಞೆ ತಪ್ಪುತ್ತದೆ. ಒದ್ದಾಟ ಇರುವುದಿಲ್ಲ, ಕೂಗು ಇರುವುದಿಲ್ಲ. ದಡದಲ್ಲಿರುವವರು ‘ಇನ್ನೂ ಇದ್ದಾನೆ, ಭಲೇ’ ಎಂದುಕೊಳ್ಳುವಾಗಲೇ ಅವನು ನೀರು ಎಳೆದಿರುತ್ತಾನೆ. ಎದೆಮಟ್ಟದ ಕೊಳದಲ್ಲೂ ಹೀಗಾಗುತ್ತದೆ. ಆಳಕ್ಕೆ ಹೋದವರಿಗೆ ಮೇಲೆ ಬರುವಾಗಿನ ಕೊನೆಯ ಕೆಲವು ಮೀಟರ್ ಹೆಚ್ಚು ಅಪಾಯ: ಒತ್ತಡ ಇಳಿದಂತೆ ಶ್ವಾಸಕೋಶದಲ್ಲಿ ಆಕ್ಸಿಜನ್ನಿನ ಒತ್ತಡವೂ ದಿಢೀರನೆ ಕುಸಿಯುತ್ತದೆ.

ಉಸಿರು ಕಟ್ಟುವ ಡೈವಿಂಗ್ ಒಂದು ಶಿಸ್ತಿನ ಕ್ರೀಡೆ. ಅದನ್ನು ಕಲಿಯುವವರು ಮುಳುಗುವ ಮುಂಚೆ ಶಾಂತವಾಗಿ ಉಸಿರಾಡುತ್ತಾರೆ, ಒಬ್ಬರು ಕೆಳಗಿದ್ದಾಗ ಇನ್ನೊಬ್ಬರು ಮೇಲೆ ಕಣ್ಣಿಟ್ಟಿರುತ್ತಾರೆ, ಮುಳುಗಿದ್ದ ಹೊತ್ತಿನ ಕನಿಷ್ಠ ಎರಡರಷ್ಟು ವಿರಾಮ ಕೊಡುತ್ತಾರೆ, ಮೇಲೆ ಬಂದ 30 ಸೆಕೆಂಡ್ ಜೊತೆಗಾರನ ಮುಖದಿಂದ ದೃಷ್ಟಿ ತೆಗೆಯುವುದಿಲ್ಲ. ನಾಲೆಯಲ್ಲಿ ಇದಾವುದೂ ಆಗದ ಮಾತು. ಹರಿವು ಎಳೆಯುತ್ತದೆ, ಕಾಂಕ್ರೀಟಿನ ಓರೆ ಗೋಡೆ ಪಾಚಿ ಹಿಡಿದು ಜಾರುತ್ತದೆ, ಮಣ್ಣುನೀರಿನಲ್ಲಿ ಮುಳುಗಿದವನು ಕಾಣುವುದಿಲ್ಲ.

ಯಾರಾದರೂ ಮುಳುಗಿ ಪ್ರಜ್ಞೆ ತಪ್ಪಿದ್ದರೆ ಹೊಟ್ಟೆ ಅಮುಕಬೇಡಿ, ಕಾಲು ಹಿಡಿದು ತಲೆಕೆಳಗೆ ಮಾಡಬೇಡಿ, ತಿರುಗಿಸಬೇಡಿ. ಹಾಗೆ ಮಾಡಿದರೆ ಹೊಟ್ಟೆಯಲ್ಲಿದ್ದದ್ದು ಶ್ವಾಸಕೋಶಕ್ಕೆ ಹೋಗುತ್ತದೆ, ಉಸಿರು ಕೊಡಬೇಕಾದ ನಿಮಿಷಗಳು ದಂಡವಾಗುತ್ತವೆ. ಗಟ್ಟಿ ನೆಲದಲ್ಲಿ ಅಂಗಾತ ಮಲಗಿಸಿ, ಗದ್ದ ಎತ್ತಿ, ಉಸಿರಾಟ ಇಲ್ಲದಿದ್ದರೆ ಮೂಗು ಮುಚ್ಚಿ ಬಾಯಿಗೆ ಬಾಯಿಟ್ಟು ಮೊದಲು 2 ರಿಂದ 5 ಸಲ ಉಸಿರು ಕೊಡಿ. ಆಮೇಲೆ ಎದೆಯ ನಡುವೆ 5 ಸೆಂಟಿಮೀಟರ್ ಆಳಕ್ಕೆ 30 ಸಲ ಒತ್ತಿ, 2 ಉಸಿರು. ಮತ್ತೆ 30, ಮತ್ತೆ 2. ಒತ್ತುವ ವೇಗ ನಿಮಿಷಕ್ಕೆ 100 ರಿಂದ 120. ಇನ್ನೊಬ್ಬರು 108ಕ್ಕೆ ಕರೆ ಮಾಡಲಿ. ಎಚ್ಚರವಾಗಿ ಮಾತನಾಡಿದರೂ ಆಸ್ಪತ್ರೆಗೆ ಕರೆದೊಯ್ಯಿರಿ, ಶ್ವಾಸಕೋಶಕ್ಕೆ ಹೋದ ನೀರು ಕೆಲವು ಗಂಟೆಗಳ ನಂತರ ತೊಂದರೆ ಕೊಡಬಹುದು.

ಪ್ರಶ್ನೆ: ನೆಗಡಿ ಇದ್ದಾಗ ಮಾತ್ರೆ ನುಂಗಿ ಡೈವ್ ಮಾಡಬಹುದೇ?
— ವಿಜಯನಗರ, ಮೈಸೂರು

ಉತ್ತರ: ಬೇಡ. ಮಾತ್ರೆಯ ಜೋರಿನಲ್ಲಿ ಇಳಿಯುವಾಗ ಕಿವಿ ಬಿಡಬಹುದು. ಕೆಳಗಿರುವಾಗ ಅದರ ಪ್ರಭಾವ ಇಳಿದರೆ ನಡುಕಿವಿಯಲ್ಲಿ ಸಿಕ್ಕಿಕೊಂಡ ಗಾಳಿ ಮೇಲೆ ಬರುವಾಗ ಹಿಗ್ಗಿ ತಮಟೆಯನ್ನು ಒಳಗಿನಿಂದ ಒತ್ತುತ್ತದೆ. ಆಗ ಗಾಳಿ ಮುಗಿಯುತ್ತಾ ಬಂದಿರುತ್ತದೆ, ಮೇಲೆ ಬರಲೂ ಆಗದ ಸ್ಥಿತಿ. ಆರೋಗ್ಯವಾಗಿದ್ದಾಗಲೂ ಮೊದಲ ಮೀಟರಿನಿಂದಲೇ ಮೂಗು ಹಿಡಿದು ಮೆಲ್ಲಗೆ ಊದುತ್ತಾ ಇಳಿಯಿರಿ. ನೋವು ಬಂದ ಮೇಲೆ ಊದಿದರೆ ಮೂಗಿನ ಹಿಂಬದಿಯಿಂದ ಕಿವಿಗೆ ಹೋಗುವ ನಾಳ ತೆರೆಯುವುದಿಲ್ಲ. ಒಂದು ಮೀಟರ್ ಮೇಲೆ ಬಂದು ಮತ್ತೆ ಪ್ರಯತ್ನಿಸಿ.

ಪ್ರಶ್ನೆ: ವಾಸ್ತುದೋಷಕ್ಕೆ ಒಳ್ಳೆಯದೆಂದು ‘ಇಂದ್ರಜಾಲ’ ಎಂಬ ಗಿಡವನ್ನು ಗಾಜಿನ ಚೌಕಟ್ಟಿನಲ್ಲಿ ಹಾಕಿ ಮಾರುತ್ತಾರೆ. ಕಡಲ ಗಿಡವಂತೆ. ಮನೆಯಲ್ಲಿ ಇಟ್ಟುಕೊಳ್ಳಬಹುದೇ?
— ಅಗ್ರಹಾರ, ಮೈಸೂರು

ಉತ್ತರ: ಅದು ಗಿಡವಲ್ಲ, ಪ್ರಾಣಿ. ಹವಳದ ಬಳಗಕ್ಕೆ ಸೇರಿದ ಸಮುದ್ರ ಬೀಸಣಿಗೆ ಅಥವಾ ಕಪ್ಪು ಹವಳ. ಸಾವಿರಾರು ಪುಟ್ಟ ಜೀವಿಗಳು ಒಟ್ಟಿಗೆ ಕಟ್ಟಿಕೊಂಡ ಮನೆಯ ಅಸ್ಥಿಪಂಜರವೇ ಆ ಬಲೆಯಂಥ ಕೊಂಬೆ. ಜೀವಂತವಾಗಿದ್ದಾಗ ಅದು ಪ್ರವಾಹಕ್ಕೆ ಅಡ್ಡಲಾಗಿ ಹರಡಿ ನಿಂತು ನೀರಿನಲ್ಲಿ ತೇಲಿಬರುವ ಆಹಾರ ಹಿಡಿಯುತ್ತದೆ, ಕಡಲ್ಗುದುರೆ, ಸೀಗಡಿ, ಮೀನಿನ ಮರಿಗಳಿಗೆ ಮರೆಯಾಗುತ್ತದೆ. ಆಳಸಮುದ್ರದ ಕಪ್ಪು ಹವಳದ ಕೆಲವು ಬಗೆಗಳು 4,000 ವರ್ಷಕ್ಕೂ ಹೆಚ್ಚು ಬಾಳಿರುವುದು ಗೊತ್ತಾಗಿದೆ.

ಸಮುದ್ರ ಬೀಸಣಿಗೆ, ಕಪ್ಪು ಹವಳ ಎರಡನ್ನೂ 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಗೆ ಸೇರಿಸಲಾಯಿತು. ಹುಲಿ, ಆನೆಗೆ ಇರುವ ರಕ್ಷಣೆಯೇ ಇವಕ್ಕೂ ಇದೆ. ಕೊಳ್ಳುವುದು, ಮಾರುವುದು, ಇಟ್ಟುಕೊಳ್ಳುವುದು ಎಲ್ಲವೂ ಅಪರಾಧ. ಶಿಕ್ಷೆ 3 ರಿಂದ 7 ವರ್ಷ ಜೈಲು, ಜೊತೆಗೆ ದಂಡ. ‘ಗೊತ್ತಿರಲಿಲ್ಲ’ ಎಂಬ ಮಾತು ನ್ಯಾಯಾಲಯದಲ್ಲಿ ನಡೆಯುವುದಿಲ್ಲ. ಕೊಳ್ಳಬೇಡಿ. ಈಗಾಗಲೇ ಮನೆಯಲ್ಲಿದ್ದರೆ ಮಾರಲು, ಉಡುಗೊರೆ ಕೊಡಲು, ಕೊರಿಯರ್ ಮಾಡಲು ಹೋಗದೆ ವಕೀಲರ ಸಲಹೆ ಪಡೆದು ಅರಣ್ಯ ಇಲಾಖೆಗೆ ಒಪ್ಪಿಸಿ. ಒಣಗಿಸಿದ ಕಡಲ್ಗುದುರೆ, ಕಡಲ ಸೌತೆ ಎಂಬ ಪ್ರಾಣಿ, ಅಕ್ವೇರಿಯಂಗೆಂದು ಮಾರುವ ನಿಜವಾದ ಹವಳದ ಬಂಡೆ, ಇವಕ್ಕೂ ಇದೇ ಕಾನೂನು.

ಪ್ರಶ್ನೆ: ಕಡಲು ನಮಗೆ ನೂರಾರು ಮೈಲಿ ದೂರ. ಶ್ರೀರಂಗಪಟ್ಟಣದವರಿಂದ ಅದಕ್ಕೆ ಆಗುವುದೇನು?
— ಗಂಜಾಂ

ಉತ್ತರ: ನಿಮ್ಮೂರನ್ನು ಸುತ್ತುವರಿದ ಕಾವೇರಿ ಪೂಂಪುಹಾರ್ ಬಳಿ ಬಂಗಾಳಕೊಲ್ಲಿ ಸೇರುತ್ತದೆ. ಈ ನಂಟು ಒಮ್ಮುಖವಲ್ಲ. ಹೊಳೆಯ ಹಾವುಮೀನು ಮೊಟ್ಟೆಯಿಡಲು ಕಡಲಿಗೇ ಹೋಗಬೇಕು. ಗಾಜಿನಂತೆ ಪಾರದರ್ಶಕವಾದ ಅದರ ಮರಿಗಳು ಮತ್ತೆ ಹೊಳೆಯನ್ನೇರಿ ಬರುತ್ತವೆ. ತಗ್ಗು ಒಡ್ಡಾದರೆ ಒದ್ದೆ ಕಲ್ಲಿಗೆ ಅಂಟಿಕೊಂಡು ಹತ್ತುತ್ತವೆ, ದೊಡ್ಡ ಅಣೆಕಟ್ಟನ್ನು ಹತ್ತಲಾರವು. ಹಿಲ್ಸಾ ಮೀನಿನದು ತಿರುವುಮುರುವು: ಬಾಳುವುದು ಕಡಲಲ್ಲಿ, ಮೊಟ್ಟೆಯಿಡುವುದು ಹೊಳೆಯಲ್ಲಿ. 1934ರಲ್ಲಿ ಮೆಟ್ಟೂರು ಅಣೆಕಟ್ಟು ಆದ ಮೇಲೆ ಕಾವೇರಿಯ ಹಿಲ್ಸಾ ದಾರಿ ಕಡಿದುಹೋಯಿತು.

ನಿಮ್ಮ ಕೈಯಲ್ಲಿ ಆಗುವ ಕೆಲಸ ಪಶ್ಚಿಮವಾಹಿನಿಯಲ್ಲಿ, ಸಂಗಮದಲ್ಲಿ ಇದೆ. ಅಸ್ಥಿ ಬಿಡಲು ಬಂದವರು ಸೀರೆ, ಪಂಚೆ, ಹಾಸಿಗೆಬಟ್ಟೆ, ಪ್ಲಾಸ್ಟಿಕ್ ಕವರು, ಬಾಟಲಿ ಎಲ್ಲವನ್ನೂ ನೀರಿಗೆ ಹಾಕುತ್ತಾರೆ. ಹತ್ತಿ ಬಟ್ಟೆ ಕೊಳೆತು ಹೋಗುತ್ತದೆ. ಪಾಲಿಯೆಸ್ಟರ್ ಕೊಳೆಯದೆ ಎಳೆ ಎಳೆಯಾಗಿ ಸವೆದು, ಮೀನು ನುಂಗುವಷ್ಟು ಸಣ್ಣ ನಾರಾಗುತ್ತದೆ. ಬೂದಿ, ಹೂವು, ಅಕ್ಕಿ ನೀರಿಗೆ ಹೋಗಲಿ. ಬಟ್ಟೆ, ಕವರು ದಡದಲ್ಲೇ ಉಳಿಯಲಿ. ದಡದಲ್ಲಿ ಎರಡು ದೊಡ್ಡ ಗೋಣಿಚೀಲ ಕಟ್ಟಿ, ಶಾಸ್ತ್ರ ಮಾಡಿಸುವ ಪುರೋಹಿತರ ಬಾಯಿಂದಲೇ ಈ ಮಾತು ಹೇಳಿಸಿದರೆ ಜನ ಕೇಳುತ್ತಾರೆ. ಫಲಕ ನೆಟ್ಟರೆ ಯಾರೂ ಓದುವುದಿಲ್ಲ. ಹರಿದ ನೈಲಾನ್ ಬಲೆಯನ್ನೂ ಹೊಳೆಗೆ ಎಸೆಯಬಾರದು: ಒಡೆಯನಿಲ್ಲದಿದ್ದರೂ ಅದು ಮೀನು, ಆಮೆ, ನೀರುನಾಯಿಯನ್ನು ಹಿಡಿಯುತ್ತಲೇ ಇರುತ್ತದೆ.

ಪ್ರಶ್ನೆ: ‘ಮತ್ಸ್ಯ 6000’ ನೌಕೆ ಮನುಷ್ಯರನ್ನು 6,000 ಮೀಟರ್ ಆಳಕ್ಕೆ ಹೇಗೆ ಒಯ್ಯುತ್ತದೆ? ಅದರ ಕೋಣೆ ಗುಂಡಗೇ ಏಕಿರಬೇಕು?
— ಪಿಯುಸಿ ವಿದ್ಯಾರ್ಥಿನಿ, ಮದ್ದೂರು

ಉತ್ತರ: 6,000 ಮೀಟರಿನಲ್ಲಿ ಒತ್ತಡ ಸುಮಾರು 600 ವಾತಾವರಣ. ಅಂದರೆ ಒಂದು ಚದರ ಸೆಂಟಿಮೀಟರಿನ ಮೇಲೆ 600 ಕಿಲೋಗಿಂತ ಹೆಚ್ಚು ಭಾರ. ಗೋಳದ ಮೇಲೆ ಈ ಒತ್ತಡ ಎಲ್ಲ ದಿಕ್ಕಿನಿಂದ ಸಮನಾಗಿ ಹಂಚಿಹೋಗುತ್ತದೆ. ಡಬ್ಬದ ಆಕಾರವಾದರೆ ಚಪ್ಪಟೆ ಮುಖ ಒಳಬಾಗಿ ಮೂಲೆ ಒಡೆಯುತ್ತದೆ. ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ ರೂಪಿಸಿರುವ ಈ ನೌಕೆಯಲ್ಲಿ ಮೂವರು ಕೂರುವ ಗೋಳದ ಒಳವ್ಯಾಸ 2.1 ಮೀಟರ್, ಟೈಟಾನಿಯಂ ಮಿಶ್ರಲೋಹದ ಗೋಡೆಯ ದಪ್ಪ 80 ಮಿಲಿಮೀಟರ್. ಕೆಲಸದ ಅವಧಿ 12 ಗಂಟೆ, ತುರ್ತಿಗೆ 96 ಗಂಟೆಯ ಉಸಿರಾಟದ ವ್ಯವಸ್ಥೆ. 2021ರಲ್ಲಿ ಉಕ್ಕಿನ ಗೋಳವೊಂದನ್ನು 600 ಮೀಟರ್ ಆಳಕ್ಕೆ ಇಳಿಸಿ ಪರೀಕ್ಷಿಸಲಾಗಿತ್ತು.

ಇಂಥ ನೌಕೆಗಳು ಭಾರದಿಂದ ಮುಳುಗುತ್ತವೆ, ಭಾರ ಕಳಚಿ ಏರುತ್ತವೆ. ನಿಮಿಷಕ್ಕೆ 30 ಮೀಟರ್ ಇಳಿದರೆ ತಳ ಮುಟ್ಟಲು 200 ನಿಮಿಷ ಬೇಕು. ರೇಡಿಯೋ ಅಲೆ ಕಡಲನೀರಿನಲ್ಲಿ ದೂರ ಸಾಗದು, ಆದ್ದರಿಂದ ಮಾತೆಲ್ಲ ಶಬ್ದದ ಅಲೆಯಲ್ಲಿ. ನೀರಿನಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 1,500 ಮೀಟರ್, ಹಾಗಾಗಿ ಕೇಳಿದ ಪ್ರಶ್ನೆಗೆ ಉತ್ತರ ಬರಲು ಕಡಿಮೆಯೆಂದರೂ 8 ಸೆಕೆಂಡ್.

2023ರ ಜೂನ್‌ನಲ್ಲಿ ಟೈಟಾನಿಕ್ ಹಡಗಿನ ಅವಶೇಷ ನೋಡಲು ಇಳಿದು ಐವರೊಂದಿಗೆ ನಾಶವಾದ ‘ಟೈಟನ್’ ನೌಕೆಯ ಒಡಲು ಕಾರ್ಬನ್ ನಾರಿನ ಕೊಳವೆಯಾಕಾರದ್ದಾಗಿತ್ತು. ಆ ನಾರು ಎಳೆತಕ್ಕೆ ಬಲಿಷ್ಠ, ಹೊರಗಿನ ಅಮುಕುವಿಕೆಗೆ ಅಷ್ಟಲ್ಲ. ಪದೇ ಪದೇ ಇಳಿದೇರಿದಾಗ ಪದರಗಳ ನಡುವೆ ಆಗುವ ಬಿರುಕು ಹೊರಗೆ ಕಾಣುವುದೂ ಇಲ್ಲ.

ಪ್ರಶ್ನೆ: ಜೂನ್–ಜುಲೈನಲ್ಲೂ ಮೈಸೂರಿನಲ್ಲಿ ಕಡಲ ಮೀನು ಸಿಗುತ್ತದೆ. ಆಗ ಮೀನುಗಾರಿಕೆ ನಿಷೇಧವಲ್ಲವೇ?
— ಎನ್.ಆರ್. ಮೊಹಲ್ಲಾ, ಮೈಸೂರು

ಉತ್ತರ: ಕರ್ನಾಟಕ ಕರಾವಳಿಯಲ್ಲಿ ಜೂನ್ 1 ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳಿಗೆ ನಿಷೇಧ. ನಾಡದೋಣಿಗಳು ಇಳಿಯಬಹುದು. ಪೂರ್ವ ಕರಾವಳಿಯ ನಿಷೇಧ ಏಪ್ರಿಲ್ 15 ರಿಂದ ಜೂನ್ 14ರವರೆಗೆ ಇರುವುದರಿಂದ ಆಮೇಲೆ ಅಲ್ಲಿಯ ಮೀನು ಇಲ್ಲಿಗೆ ಬರುತ್ತದೆ, ಉಳಿದದ್ದು ಶೀತಲಗೃಹದ್ದು. ನೀವು ಗಮನಿಸಬೇಕಾದದ್ದು ಗಾತ್ರ. ಕೇರಳದಲ್ಲಿ 10 ಸೆಂಟಿಮೀಟರಿಗಿಂತ ಚಿಕ್ಕ ಬೂತಾಯಿ, 14ಕ್ಕಿಂತ ಚಿಕ್ಕ ಬಂಗುಡೆ ಹಿಡಿಯುವಂತಿಲ್ಲ. ಅದಕ್ಕಿಂತ ಸಣ್ಣದು ಇನ್ನೂ ಒಮ್ಮೆಯೂ ಮೊಟ್ಟೆಯಿಡದ ಮರಿ. ಅಂಗಡಿಗೆ ಹೋಗುವಾಗ 15 ಸೆಂಟಿಮೀಟರಿನ ಸ್ಕೇಲ್ ಒಂದನ್ನು ಚೀಲದಲ್ಲಿ ಇಟ್ಟುಕೊಳ್ಳಿ, ಸಣ್ಣದಿದ್ದರೆ ಬೇಡವೆಂದು ಹೇಳಿ ಬೇರೆ ಮೀನು ಕೇಳಿ.